ಡಬ್ಬದ ಮೇಲೆ ಆಂಡ್ರಾಯ್ಡ್ 10, ಒಳಗೆ ಏನಿದೆಯೋ! ಈ ಟ್ಯಾಬ್‌ಗೆ ಕಸ್ಟಮ್ ರಿಕವರಿ, ಹೊಸ ರಾಮ್ (ROM, ಅಂದರೆ ಪೂರ್ತಿ ಆಂಡ್ರಾಯ್ಡ್ ಸಿಸ್ಟಮ್) ಹಾಕಬಹುದಾ?

ಮೂಡಿಗೆರೆ_ರೈಟರ್:

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಲೆಕ್ಕ) ಬರೆಯಲಿಕ್ಕೆ ಅಂತ ನಮ್ಮ ಸಾಹುಕಾರರು ಆನ್‌ಲೈನಿನಲ್ಲಿ ಒಂದು 10 ಇಂಚಿನ ಟ್ಯಾಬ್ ತರಿಸಿಕೊಟ್ಟಿದ್ದಾರೆ. ಕಂಪನಿ ಯಾವುದು ಅಂತ ಕೇಳಬೇಡಿ. ಡಬ್ಬದ ಮೇಲೆ ಒಂದು ಹೆಸರು, ಆನ್ ಮಾಡಿದಾಗ ಬರುವುದು ಇನ್ನೊಂದು, ಬೆನ್ನ ಮೇಲೆ ಹೆಸರೇ ಇಲ್ಲ. ಡಬ್ಬದಲ್ಲಿ ಬರೆದಿರುವುದು ಆಂಡ್ರಾಯ್ಡ್ 10, ಹತ್ತು ಕೋರ್, 6 ಜಿಬಿ ರ‍್ಯಾಮ್, 128 ಜಿಬಿ ಜಾಗ. ಸೆಟ್ಟಿಂಗ್ಸ್‌ಗೆ ಹೋದರೂ ಅದನ್ನೇ ತೋರಿಸುತ್ತದೆ. ಆದರೆ ಎರಡು ಆ್ಯಪ್ ಒಟ್ಟಿಗೆ ತೆರೆದರೆ ಮೊದಲನೆಯದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಮುಖ್ಯ ತೊಂದರೆ ಬೇರೆ. ಸಾಹುಕಾರರ ಅಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅವರೇ ತೋಟಕ್ಕೆ ಅಂತ ಒಂದು ಆ್ಯಪ್ ಮಾಡಿದ್ದಾರೆ. ಯಾವ ಆಳು ಯಾವ ಬ್ಲಾಕಿನಲ್ಲಿ, ಕೊಯ್ಲಿನಲ್ಲಿ ಎಷ್ಟು ಕೆಜಿ, ಬೆಳಗ್ಗೆ ಮಳೆ ಎಷ್ಟು ಇಂಚು ಎಷ್ಟು ಸೆಂಟ್, ಎಲ್ಲ ಅದರಲ್ಲೇ. ಟ್ಯಾಬಿನಲ್ಲಿ ಆ್ಯಪ್ ತೆರೆಯುತ್ತದೆ, ಬರೆದುಕೊಳ್ಳುತ್ತದೆ, ಕಳಿಸು ಅಂದರೆ ಮಾತ್ರ 'ಸುರಕ್ಷಿತ ಸಂಪರ್ಕ ಆಗಲಿಲ್ಲ' ಅನ್ನುತ್ತದೆ. ನನ್ನ ಫೋನಿನಲ್ಲಿ ಅದೇ ಆ್ಯಪ್, ಅದೇ ವೈಫೈ, ಏನೂ ತಕರಾರಿಲ್ಲ. ಟ್ಯಾಬಿನ ಬ್ರೌಸರ್‌ನಲ್ಲಿ ಮಳೆ ನೋಡುವ ಪುಟ ತೆರೆದರೂ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಕೆಂಪು ಬರಹ. ಜಿಯೋ ಸಿಮ್ ಹಾಕಿದರೆ ಸಿಗ್ನಲ್ ಬರುವುದಿಲ್ಲ. ಲಾಕ್ ತೆಗೆದ ಕೂಡಲೇ ಜಾಹೀರಾತು ಬೇರೆ.

ಕಸ್ಟಮ್ ರಿಕವರಿ (ಆಂಡ್ರಾಯ್ಡ್ ಬದಲು ತೆರೆದುಕೊಂಡು ಸಿಸ್ಟಮ್ ತಿದ್ದಲು ಬಿಡುವ ಸಣ್ಣ ಸಾಫ್ಟ್‌ವೇರ್) ಹಾಕಿ ಲಿನೇಜ್ ಓಎಸ್ (ಹೊರಗಿನವರು ಮಾಡಿದ ಆಂಡ್ರಾಯ್ಡ್ ರಾಮ್) ಹಾಕು, ಎಲ್ಲ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಡಬ್ಬದ ಮೇಲಿನ ಮಾಡೆಲ್ ನಂಬರ್ ಹುಡುಕಿದರೆ ಯಾವುದೋ ವಿದೇಶಿ ಪುಟದಲ್ಲಿ ಫರ್ಮ್‌ವೇರ್ (ಸಾಧನದ ಮೂಲ ಸಾಫ್ಟ್‌ವೇರ್) ಫೈಲ್ ಸಿಕ್ಕಿದೆ. ಅದನ್ನು ಹಾಕಿಬಿಡಲಾ? ವಿಂಡೋಸ್ 10 ಇರುವ ಲ್ಯಾಪ್‌ಟಾಪ್ ಇದೆ. ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಇದೊಂದು ದಾರಿಗೆ ಬರಬೇಕು.


ಹಾಸನದ_ಹುಡುಗ:

ಸರ್, ತುಂಬಾ ಸುಲಭ. ಆಂಡ್ರಾಯ್ಡ್ 10 ಅಂದ್ರೆ ಟ್ರೆಬಲ್ (ಆಂಡ್ರಾಯ್ಡನ್ನು ಕಂಪನಿಯ ಡ್ರೈವರ್‌ಗಳಿಂದ ಬೇರೆ ಇಡುವ ಏರ್ಪಾಡು) ಇರಲೇಬೇಕು. ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಓಇಎಂ ಅನ್‌ಲಾಕ್ ಆನ್ ಮಾಡಿ, ಫಾಸ್ಟ್‌ಬೂಟ್‌ನಲ್ಲಿ ಬೂಟ್‌ಲೋಡರ್ (ಆಂಡ್ರಾಯ್ಡನ್ನು ಶುರುಮಾಡುವ ಭಾಗ) ಬೀಗ ತೆರೆಯಿರಿ, ವಿಬಿಮೆಟಾ (ಸಿಸ್ಟಮ್ ಅಸಲಿಯಾ ಅಂತ ನೋಡುವ) ಪರಿಶೀಲನೆ ನಿಲ್ಲಿಸಿ, ಜಿಎಸ್‌ಐ (ಟ್ರೆಬಲ್ ಇರುವ ಎಲ್ಲದಕ್ಕೂ ಆಗುವ ಆಂಡ್ರಾಯ್ಡ್) ಫ್ಲ್ಯಾಶ್ ಮಾಡಿ, ಅಂದರೆ ಬರೆಯಿರಿ. ನನ್ನ ಫೋನಿಗೆ ಹಾಸ್ಟೆಲ್‌ನಲ್ಲೇ ಕೂತು ಮಾಡಿದ್ದೇನೆ. ರಿಕವರಿ ಕೂಡ ಬೇಕಾಗುವುದಿಲ್ಲ.


ಐಜಿರೋಡ್_ರಿಪೇರಿ:

ರೈಟ್ರೇ, ಸ್ವಲ್ಪ ತಡೆಯಿರಿ. ಆ ವಿದೇಶಿ ಪುಟದ ಫೈಲನ್ನು ಮುಟ್ಟಲೇಬೇಡಿ. ಹುಡುಗ ಹೇಳಿದ್ದೂ ಸುಳ್ಳಲ್ಲ, ಆದರೆ ಅದು ಆಂಡ್ರಾಯ್ಡ್ 10 ಇದ್ದರೆ ಮಾತ್ರ. ನಿಮ್ಮದರಲ್ಲಿ ಇರುವುದು 10 ಅಂತ ನನಗೆ ನಂಬಿಕೆ ಇಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಹತ್ತು ಕೋರ್, 6 ಜಿಬಿ ಅಂತ ಡಬ್ಬ ಇರುವ ಈ ಜಾತಿಯ ಟ್ಯಾಬ್ ಅಂಗಡಿಗೆ ಬರುತ್ತಲೇ ಇರುತ್ತವೆ. ಬಿಚ್ಚಿದರೆ ಒಳಗೆ ನಾಲ್ಕು ಕೋರಿನ ಹಳೇ ಮೀಡಿಯಾಟೆಕ್ ಚಿಪ್, 1 ಜಿಬಿ ರ‍್ಯಾಮ್. ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವುದೆಲ್ಲ ಫ್ಯಾಕ್ಟರಿಯಲ್ಲಿ ತುಂಬಿಸಿ ಕಳಿಸಿದ ಅಕ್ಷರ. ಆವೃತ್ತಿಯ ಹೆಸರನ್ನು ಬಿಲ್ಡ್ ಪ್ರಾಪ್ ಅನ್ನುವ ಫೈಲಿನಲ್ಲಿ ಒಂದು ಸಾಲು ತಿದ್ದಿ 10 ಅಂತ ಮಾಡಬಹುದು. ಆದರೆ ಅದೇ ಫೈಲಿನಲ್ಲಿ ಎಸ್‌ಡಿಕೆ ನಂಬರ್ ಅಂತ ಇನ್ನೊಂದು ಸಾಲಿದೆ. ಅದನ್ನು ತಿದ್ದಿದರೆ ಆ್ಯಪ್‌ಗಳೆಲ್ಲ ಕುಸಿದು ಬೀಳುತ್ತವೆ, ಹಾಗಾಗಿ ಅದಕ್ಕೆ ಕೈ ಹಾಕುವುದಿಲ್ಲ. ಎಸ್‌ಡಿಕೆ 22 ಅಂದರೆ 5.1, 23 ಅಂದರೆ 6.0, 24 ಅಂದರೆ 7.0, 27 ಅಂದರೆ 8.1. ನಿಜವಾದ 10 ಆಗಿದ್ದರೆ 29 ಇರಬೇಕು.

ಲ್ಯಾಪ್‌ಟಾಪಿನಲ್ಲಿ ಎಡಿಬಿ (ಕೇಬಲ್ ಮೂಲಕ ಟ್ಯಾಬಿಗೆ ಆದೇಶ ಕೊಡುವ ಸಾಧನ) ಹಾಕಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಶೆಲ್ ಒಳಗೆ ಗೆಟ್‌ಪ್ರಾಪ್ ಕೊಟ್ಟರೆ ಎಸ್‌ಡಿಕೆ ನಂಬರ್ ಸಿಗುತ್ತದೆ. ಆಮೇಲೆ ಪ್ರೊಕ್ ಫೋಲ್ಡರಿನಲ್ಲಿ ಸಿಪಿಯುಇನ್ಫೋ, ಮೆಮ್‌ಇನ್ಫೋ, ವರ್ಷನ್ ಅಂತ ಮೂರು ಫೈಲ್ ಇರುತ್ತವೆ. ಅವನ್ನು ಓದಿಸಿ ಇಲ್ಲಿ ಹಾಕಿ. ಅವು ಕರ್ನಲ್ (ಆಂಡ್ರಾಯ್ಡ್ ತಳದಲ್ಲಿದ್ದು ಹಾರ್ಡ್‌ವೇರ್ ನಡೆಸುವ ಭಾಗ) ಕೊಡುವ ಲೆಕ್ಕ. ಡಬ್ಬ ಸುಳ್ಳು ಹೇಳಿದಷ್ಟು ಸಲೀಸಾಗಿ ಕರ್ನಲ್ ಹೇಳುವುದಿಲ್ಲ.

ಇನ್ನೊಂದು. ಟ್ಯಾಬಿನ ತಾರೀಕು ಸರಿ ಇದೆಯಾ ನೋಡಿ. ಬ್ಯಾಟರಿ ಪೂರ್ತಿ ಖಾಲಿಯಾಗಿ ಗಡಿಯಾರ ಹಿಂದಕ್ಕೆ ಹೋಗಿದ್ದರೂ ಸರ್ಟಿಫಿಕೇಟ್ ತಕರಾರು ಬರುತ್ತದೆ.


ಚನ್ನರಾಯಪಟ್ಟಣದವ:

ಮಾರಿಬಿಡಿ ಸ್ವಾಮಿ. ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ಹೆಸರಿರುವ ಕಂಪನಿಯ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದು ಮೇಲು.


ಮೂಡಿಗೆರೆ_ರೈಟರ್:

ಮಾರಿದರೆ ತೆಗೆದುಕೊಳ್ಳುವವರು ಯಾರು ಸರ್! ಸಾಹುಕಾರರಿಗೆ ಇನ್ನೊಂದು ತರಿಸಿ ಅಂತ ಹೇಳುವ ಧೈರ್ಯವೂ ನನಗಿಲ್ಲ.

ತಾರೀಕು ಸರಿ ಇದೆ. ಎಡಿಬಿಯಲ್ಲಿ ಬಂದದ್ದು ಇದು. ಎಸ್‌ಡಿಕೆ 24. ಹಾರ್ಡ್‌ವೇರ್ ಅಂತ ಇರುವ ಕಡೆ ಎಂಟಿ6580. ಮೆಮೊರಿ ಒಟ್ಟು 1 ಜಿಬಿಗೂ ಕಮ್ಮಿ. ಕರ್ನಲ್ 3.18.35. ಇದರ ಅರ್ಥ 7.0 ಅಂತಾನಾ? ಸಾಹುಕಾರರಿಗೆ ಹೇಗೆ ಹೇಳುವುದೋ ಗೊತ್ತಿಲ್ಲ.


ಐಜಿರೋಡ್_ರಿಪೇರಿ:

ಹೌದು ರೈಟ್ರೇ, 7.0. ಎಂಟಿ6580 ಅಂದರೆ ನಾಲ್ಕು ಕಾರ್ಟೆಕ್ಸ್ ಎ7 ಕೋರ್, 1.3 ಗಿಗಾಹರ್ಟ್ಸ್, 32 ಬಿಟ್, ಮಾಲಿ 400 ಗ್ರಾಫಿಕ್ಸ್. ಈಗ ನಿಮ್ಮ ಒಂದೊಂದೇ ತೊಂದರೆಗೆ ಬರುತ್ತೇನೆ. ಬರೆಯಲಿಕ್ಕೆ ಸ್ವಲ್ಪ ಜಾಸ್ತಿ ಇದೆ, ಅಂಗಡಿಯಲ್ಲಿ ಈಗ ಗಿರಾಕಿ ಇಲ್ಲ, ಪರವಾಗಿಲ್ಲ.

ಮೊದಲು ಸಿಮ್. ಈ ಚಿಪ್‌ನಲ್ಲಿ 4ಜಿ ಮೋಡೆಮ್ಮೇ ಇಲ್ಲ, 3ಜಿ ತನಕ ಮಾತ್ರ. ಜಿಯೋ ಶುರುವಾದದ್ದೇ 4ಜಿಯಲ್ಲಿ, ಅದಕ್ಕೆ 2ಜಿ, 3ಜಿ ಇಲ್ಲ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ನಿಲ್ಲಿಸಿಬಿಟ್ಟಿದೆ. ಯಾವ ರಾಮ್ ಹಾಕಿದರೂ ಇದು ಬದಲಾಗುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಕೊಟ್ಟು ಕೆಲಸ ಮಾಡಿ, ಸಿಮ್ ಆಸೆ ಬಿಡಿ.

ಎರಡನೆಯದು ಲಿನೇಜ್. ಮೀಡಿಯಾಟೆಕ್‌ನ ಈ ಅಗ್ಗದ ಚಿಪ್ ಹಾಕುವ ಹೆಸರಿಲ್ಲದ ಕಂಪನಿಗಳು ಕರ್ನಲ್ ಸೋರ್ಸ್ (ಮೂಲ ಕೋಡ್) ಕೊಡುವುದಿಲ್ಲ. ಲಿನಕ್ಸ್ ಕರ್ನಲ್ ಜಿಪಿಎಲ್ ಲೈಸೆನ್ಸಿನಲ್ಲಿದೆ, ಕೇಳಿದವರಿಗೆ ಕೊಡಬೇಕು ಅಂತ ನಿಯಮ ಇದೆ. ಆದರೆ ಕೇಳುವುದು ಯಾರನ್ನ, ಡಬ್ಬದಲ್ಲಿ ವಿಳಾಸವೇ ಇಲ್ಲವಲ್ಲ. ಸೋರ್ಸ್ ಇಲ್ಲದೆ ಹೊಸ ಆಂಡ್ರಾಯ್ಡ್ ಕಟ್ಟುವುದು ಅಂದರೆ ಬೇರೆ ಫೋನಿನ ರಾಮ್ ತಂದು ಹೊಂದಿಸುವುದು. ಕ್ಯಾಮೆರಾ ಹೋಗುತ್ತದೆ, ಸೌಂಡ್ ಹೋಗುತ್ತದೆ, ಕೆಲವು ಸಲ ವೈಫೈಯೇ ಹೋಗುತ್ತದೆ. ಜಿಎಸ್‌ಐ ಕೂಡ ಆಗುವುದಿಲ್ಲ. ಟ್ರೆಬಲ್ ಬಂದದ್ದು 2017ರಲ್ಲಿ, ಆಂಡ್ರಾಯ್ಡ್ 8.0 ಜೊತೆ. ವೆಂಡರ್ ಪಾರ್ಟಿಷನ್ (ಕಂಪನಿಯ ಡ್ರೈವರ್‌ಗಳಿಗೆ ಮೀಸಲಾದ ಜಾಗ) ಬೇರೆಯಾಗಿ ಇದ್ದರೆ ಮಾತ್ರ ಅದು ನಡೆಯುವುದು. 7.0 ಟ್ಯಾಬಿನಲ್ಲಿ ಆ ಪಾರ್ಟಿಷನ್ನೇ ಇಲ್ಲ. ಇದೇ ಚಿಪ್‌ನಲ್ಲಿ 8.1 ಗೋ (ಕಮ್ಮಿ ರ‍್ಯಾಮ್‌ಗೆ ಅಂತ ಮಾಡಿದ ಆಂಡ್ರಾಯ್ಡ್) ಬಂದ ಫೋನ್‌ಗಳಿವೆ, ಅವುಗಳ ದಾರಿ ಬೇರೆ.

ಆ ವಿದೇಶಿ ಫೈಲ್ ಯಾಕೆ ಬೇಡ ಅಂದೆ? ಈ ಟ್ಯಾಬ್‌ಗಳಲ್ಲಿ ಮಾಡೆಲ್ ನಂಬರಿಗೆ ಬೆಲೆಯೇ ಇಲ್ಲ. ಒಂದೇ ಮಾಡೆಲ್, ಒಂದೇ ಡಬ್ಬ, ಈ ತಿಂಗಳ ಲಾಟಿನಲ್ಲಿ ಒಂದು ಡಿಸ್‌ಪ್ಲೇ, ಮುಂದಿನ ಲಾಟಿನಲ್ಲಿ ಇನ್ನೊಂದು. ಟಚ್‌ಗೂ ಅಷ್ಟೇ. ಇಂಥ ಟ್ಯಾಬ್‌ಗಳಲ್ಲಿ ಸಿಲೀಡ್ ಕಂಪನಿಯ ಟಚ್ ಚಿಪ್ ಜಾಸ್ತಿ ಕಾಣುತ್ತೇನೆ. ಆ ಚಿಪ್‌ಗೆ ಪ್ರತಿ ಸಲ ಆನ್ ಮಾಡಿದಾಗ ಆ ಗಾಜಿಗೇ ಅಂತ ಮಾಡಿದ ಸಣ್ಣ ಫರ್ಮ್‌ವೇರ್ ತುಂಬಿಸಬೇಕು. ಬೇರೆ ಗಾಜಿನದ್ದು ತುಂಬಿಸಿದರೆ ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡ ಹಾಗೆ. ಮೇಲೆ ಒತ್ತಿದರೆ ಕೆಳಗೆ ಹತ್ತುತ್ತದೆ, ಎಡಕ್ಕೆ ಎಳೆದರೆ ಬಲಕ್ಕೆ ಹೋಗುತ್ತದೆ. ಡಿಸ್‌ಪ್ಲೇ ಡ್ರೈವರ್ ತಪ್ಪಿದರೆ ಇನ್ನೂ ಕಷ್ಟ, ಬರೀ ಬಿಳಿ ಬೆಳಕು. ನೆಟ್‌ನಲ್ಲಿ ಸಿಕ್ಕ 'ಅದೇ ಮಾಡೆಲ್' ಫೈಲ್ ಹಾಕಿ, ಟ್ಯಾಬ್ ಸತ್ತಿದೆ ಅಂತ ನನ್ನ ಹತ್ತಿರ ತರುವವರಲ್ಲಿ ಅರ್ಧಕ್ಕರ್ಧ ಇದೇ ಕಥೆ. ಸತ್ತಿರುವುದಿಲ್ಲ. ಆದರೆ ಅದರ ಮೂಲ ಫೈಲ್ ಲೋಕದಲ್ಲಿ ಇದ್ದದ್ದು ಆ ಟ್ಯಾಬಿನೊಳಗೆ ಮಾತ್ರ. ಅದನ್ನೇ ಅಳಿಸಿ ತಂದಿರುತ್ತಾರೆ. ನಾನೇನು ಮಾಡಲಿ?

ಅದಕ್ಕೇ ಹೇಳುವುದು, ಏನೇ ಮಾಡುವ ಮುಂಚೆ ಪೂರ್ತಿ ಓದಿಸಿ ಇಟ್ಟುಕೊಳ್ಳಿ.

ಇನ್ನು ನಿಮ್ಮ ನಿಜವಾದ ತೊಂದರೆ. ನನ್ನ ಅಂದಾಜು ಹೇಳುತ್ತೇನೆ, ಅಳಿಯಂದಿರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಸರ್ಟಿಫಿಕೇಟ್ ಅಂದರೆ ಸರ್ವರ್ ಅಸಲಿ ಅಂತ ತೋರಿಸುವ ಗುರುತಿನ ಚೀಟಿ. ಅವರ ಸರ್ವರ್ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವವರ ಸರ್ಟಿಫಿಕೇಟ್ ಬಳಸುತ್ತಿರಬೇಕು. ಪುಕ್ಕಟೆ ಸಿಗುತ್ತದೆ, ಸಣ್ಣ ಸರ್ವರ್ ಇಟ್ಟವರು ತುಂಬಾ ಜನ ಅದನ್ನೇ ಹಾಕುತ್ತಾರೆ. ಅದಕ್ಕೆಲ್ಲ ಆಧಾರವಾದ ಮೂಲ (ರೂಟ್) ಸರ್ಟಿಫಿಕೇಟಿನ ಹೆಸರು ಐಎಸ್‌ಆರ್‌ಜಿ ರೂಟ್ ಎಕ್ಸ್1. ಆಂಡ್ರಾಯ್ಡ್ 7.1.1ರಿಂದ ಈಚೆಗೆ ಮಾತ್ರ ಅದು ಸಿಸ್ಟಮ್ ಒಳಗೇ ಬರುತ್ತದೆ. ಹಳೇ ಫೋನ್‌ಗಳು ನಡೆಯಲಿ ಅಂತ ಇನ್ನೊಂದು ಹಳೇ ರೂಟ್‌ನಿಂದ ಸಹಿ ಹಾಕಿಸಿ ಇಷ್ಟು ವರ್ಷ ದೂಡಿದರು. 2024ರ ಸೆಪ್ಟೆಂಬರ್ ಕೊನೆಗೆ ಆ ಏರ್ಪಾಡೂ ಮುಗಿಯಿತು. ನಿಮ್ಮದು 7.0. ಕೂದಲೆಳೆಯಲ್ಲಿ ತಪ್ಪಿದೆ ನೋಡಿ.

ಬ್ರೌಸರಿಗೆ ಇದು ದೊಡ್ಡ ವಿಷಯವಲ್ಲ. ಫೈರ್‌ಫಾಕ್ಸ್ ತನ್ನದೇ ಸರ್ಟಿಫಿಕೇಟ್ ಪಟ್ಟಿ ಇಟ್ಟುಕೊಂಡಿರುತ್ತದೆ. 7.0ಗೆ ಆಗುವ ಹಳೇ ಆವೃತ್ತಿ ಹಾಕಿಕೊಂಡರೂ ಮಳೆ ಪುಟ ತೆರೆಯಬೇಕು. ಮೊದಲು ಅಷ್ಟು ಮಾಡಿ ನೋಡಿ. ಪುಟ ತೆರೆದರೆ ನನ್ನ ಅಂದಾಜು ಸರಿ ಅಂತ. ಆದರೆ ಚೆಕ್‌ರೋಲ್ ಆ್ಯಪ್ ಸಿಸ್ಟಮ್ ಪಟ್ಟಿಯನ್ನೇ ನೋಡುವುದು. ಸೆಟ್ಟಿಂಗ್ಸ್ ಮೂಲಕ ನೀವು ಕೈಯಿಂದ ಸರ್ಟಿಫಿಕೇಟ್ ಸೇರಿಸಿದರೂ 7.0ರಲ್ಲಿ ಆ್ಯಪ್‌ಗಳು ಅದನ್ನು ಒಪ್ಪುವುದಿಲ್ಲ. ಸಿಸ್ಟಮ್ ಪಾರ್ಟಿಷನ್ ಒಳಗೇ ಇಡಬೇಕು. ಕಸ್ಟಮ್ ರಿಕವರಿ ನಿಮಗೆ ಬೇಕಾಗಿರುವುದು ಇಷ್ಟಕ್ಕೆ. ಹೊಸ ಆಂಡ್ರಾಯ್ಡ್ ಬೇಡ, ಒಂದೇ ಒಂದು ಫೈಲ್ ಸಾಕು.


ಹಾಸನದ_ಹುಡುಗ:

ಅಣ್ಣಾ, ಅಳಿಯಂದಿರು ಆ್ಯಪ್‌ನಲ್ಲೇ ಆ ಸರ್ಟಿಫಿಕೇಟ್ ಸೇರಿಸಿ ಕಳಿಸಿದರೆ ಮುಗೀತಲ್ವಾ? ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಅಂತ ಇದೆ, 7.0ರಿಂದ ಕೆಲಸ ಮಾಡುತ್ತದೆ.


ಐಜಿರೋಡ್_ರಿಪೇರಿ:

ಶಭಾಷ್. ಅದು ಎಲ್ಲಕ್ಕಿಂತ ಒಳ್ಳೆಯ ದಾರಿ. ರೈಟ್ರೇ, ಮೊದಲು ಅವರನ್ನು ಕೇಳಿ. ಟ್ಯಾಬ್ ಮುಟ್ಟುವುದೇ ಬೇಡ.


ಮೂಡಿಗೆರೆ_ರೈಟರ್:

ಫೈರ್‌ಫಾಕ್ಸ್ ಹಾಕಿದೆ, ಮಳೆ ಪುಟ ತೆರೆಯಿತು! ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನದ್ದೇ ಅಂತ ಅಳಿಯಂದಿರೂ ಹೇಳಿದರು. ಆದರೆ ಅವರು ಈಗ ಕಂಪನಿ ಕೆಲಸದ ಮೇಲೆ ಹೊರದೇಶದಲ್ಲಿದ್ದಾರೆ. ಬಂದಮೇಲೆ ನೋಡೋಣ ಅಂದರು. ಅವರಿಗೆ ಮತ್ತೆ ಮತ್ತೆ ಫೋನ್ ಮಾಡುವ ಸ್ಥಾನದಲ್ಲಿ ನಾನಿಲ್ಲ, ನಿಮಗೆ ಅರ್ಥ ಆಗುತ್ತದೆ ಅಂದುಕೊಂಡಿದ್ದೇನೆ. ರಿಕವರಿ ದಾರಿ ಹೇಳಿಕೊಡಿ. ಚಿಕ್ಕಮಗಳೂರಿಗೆ ಬರೋಣ ಅಂದರೆ ಈಗ ತೋಟ ಬಿಟ್ಟು ಹೊರಡುವ ಹಾಗಿಲ್ಲ.


ಐಜಿರೋಡ್_ರಿಪೇರಿ:

ಆಯ್ತು. ನಿಧಾನ ಓದಿ, ಗಡಿಬಿಡಿ ಬೇಡ.

ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಹಳ್ಳಿ ಕಡೆಯವರು ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸ ಮಾಡುವುದೇ ಬೇಡ. ಬರೆಯುತ್ತಿರುವಾಗ ಕರೆಂಟ್ ಹೋದರೆ ಅರ್ಧ ಬರೆದ ಪಾರ್ಟಿಷನ್ ಉಳಿಯುತ್ತದೆ. ಟ್ಯಾಬ್ ಕೂಡ ಅರ್ಧಕ್ಕಿಂತ ಮೇಲೆ ಚಾರ್ಜ್ ಆಗಿರಲಿ. ಕೇಬಲ್ ಗಟ್ಟಿ ಇರಬೇಕು. ಮಲೆನಾಡಿನ ತೇವಕ್ಕೆ ಚಾರ್ಜಿಂಗ್ ಪಿನ್ ಕಿಲುಬು ಹಿಡಿದಿರುತ್ತದೆ, ಚಾರ್ಜ್ ಏನೋ ಆಗುತ್ತದೆ, ಡೇಟಾ ಹೋಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಪಿನ್ ಉಜ್ಜಿ, ಒಣಗಿಸಿ.

ಮೀಡಿಯಾಟೆಕ್‌ಗೆ ಎರಡು ಸಾಧನ ಇವೆ. ಎಸ್‌ಪಿ ಫ್ಲ್ಯಾಶ್ ಟೂಲ್ ಹಳೆಯದು, ಎಲ್ಲರಿಗೂ ಗೊತ್ತು. ಅದಕ್ಕೆ ಸ್ಕ್ಯಾಟರ್ ಫೈಲ್ ಬೇಕು, ಅಂದರೆ ಯಾವ ಪಾರ್ಟಿಷನ್ ಎಲ್ಲಿಂದ ಎಲ್ಲಿಗೆ ಅನ್ನುವ ಪಟ್ಟಿ. ನಿಮ್ಮ ಹತ್ತಿರ ಅದಿಲ್ಲ, ಬೇರೆಯದರ ಪಟ್ಟಿ ತಂದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಎಂಟಿಕೆ ಕ್ಲೈಂಟ್. ಪೈಥಾನ್‌ನಲ್ಲಿ ಬರೆದದ್ದು, ಸೋರ್ಸ್ ಬಹಿರಂಗ ಇದೆ. ಟ್ಯಾಬಿನೊಳಗಿನ ಪಾರ್ಟಿಷನ್ ಪಟ್ಟಿಯನ್ನು ತಾನೇ ಓದಿಕೊಳ್ಳುತ್ತದೆ. ನಿಮಗೆ ಇದೇ ಆಗಬೇಕು. ವಿಂಡೋಸ್‌ನಲ್ಲಿ ಡ್ರೈವರ್ ಕಾಟ ಕೊಟ್ಟರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅರ್ಧ ತಲೆನೋವು ಅಲ್ಲಿಗೇ ಹೋಗುತ್ತದೆ.

ಟ್ಯಾಬ್ ಪೂರ್ತಿ ಆಫ್ ಮಾಡಿ. ಎಂಟಿಕೆ ಕ್ಲೈಂಟ್‌ಗೆ ಎಲ್ಲ ಪಾರ್ಟಿಷನ್ ಓದು ಅಂತ ಆದೇಶ ಕೊಟ್ಟು, ಅದು ಕಾಯುತ್ತಾ ಕೂತಿರುವಾಗ ವಾಲ್ಯೂಮ್ ಬಟನ್ ಒತ್ತಿಕೊಂಡು ಕೇಬಲ್ ಚುಚ್ಚಿ. ಆಫ್ ಆಗಿರುವ ಟ್ಯಾಬಿಗೆ ಕೇಬಲ್ ಹಾಕಿದಾಗ ಲ್ಯಾಪ್‌ಟಾಪಿಗೆ ಅದು ಕಾಣಿಸುವುದು ಒಂದೆರಡು ಸೆಕೆಂಡ್ ಅಷ್ಟೇ, ಆಮೇಲೆ ಚಾರ್ಜಿಂಗ್ ಚಿತ್ರ ಬಂದುಬಿಡುತ್ತದೆ. ಆ ಗಳಿಗೆ ತಪ್ಪಿದರೆ ಮತ್ತೆ ಆಫ್ ಮಾಡಿ, ಮತ್ತೆ ಚುಚ್ಚಿ. ಬೇಜಾರು ಮಾಡಿಕೊಳ್ಳಬೇಡಿ, ನಮಗೂ ಹಾಗೇ.

ಓದಿದ್ದೆಲ್ಲ ಒಂದು ಫೋಲ್ಡರಿಗೆ ಬಂದು ಬೀಳುತ್ತದೆ. ಯೂಸರ್ ಡೇಟಾ ಬಿಟ್ಟರೂ ನಡೆಯುತ್ತದೆ. ಆದರೆ ಎನ್‌ವಿರಾಮ್, ಪ್ರೊಇನ್ಫೋ, ಪ್ರೊಟೆಕ್ಟ್ ಅಂತ ಹೆಸರಿರುವ ಸಣ್ಣಸಣ್ಣ ಫೈಲ್‌ಗಳು ಇರಲೇಬೇಕು. ಎನ್‌ವಿರಾಮ್‌ನಲ್ಲಿ ನಿಮ್ಮ ಐಎಂಇಐ (ಸಾಧನದ ಗುರುತಿನ ನಂಬರ್), ವೈಫೈ ವಿಳಾಸ ಇರುತ್ತವೆ. ಅದು ಅಳಿಸಿಹೋದ ಟ್ಯಾಬ್ ಗುರುತಿಸುವುದು ಸುಲಭ. ವೈಫೈ ಪಟ್ಟಿಯಲ್ಲಿ 'ಎನ್‌ವಿರಾಮ್ ವಾರ್ನಿಂಗ್' ಅಂತ ಒಂದು ನೆಟ್‌ವರ್ಕ್ ಬಂದು ಕೂತಿರುತ್ತದೆ. ಯಾರೋ ಪಕ್ಕದವರ ವೈಫೈ ಅಂದುಕೊಂಡು ಪಾಸ್‌ವರ್ಡ್ ಕೇಳಿಕೊಂಡು ಬಂದವರೂ ಇದ್ದಾರೆ ನನ್ನ ಅಂಗಡಿಗೆ! ಫ್ಲ್ಯಾಶ್ ಟೂಲ್‌ನಲ್ಲಿ 'ಫಾರ್ಮ್ಯಾಟ್ ಆಲ್' ಒತ್ತಿದರೆ ಆಗುವುದು ಇದೇ. ಆ ಬಟನ್ ಯಾಕೆ ಅಷ್ಟು ಕೈಗೆ ಸಿಗುವ ಹಾಗೆ ಇಟ್ಟಿದ್ದಾರೋ. ಕಳೆದುಹೋದ ಐಎಂಇಐ ಜಾಗಕ್ಕೆ ಬೇರೆ ಯಾವುದೋ ನಂಬರ್ ಬರೆಸಿಕೊಳ್ಳೋಣ ಅಂದರೆ ಅದು ಅಪರಾಧ, 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಾನಂತೂ ಮಾಡುವುದಿಲ್ಲ, ಯಾರು ಕೇಳಿದರೂ.

ಡಂಪ್ (ಹೀಗೆ ಓದಿಸಿದ ಕಾಪಿ) ಬಂದ ಮೇಲೆ ಇನ್ನೊಂದು ಸಲ ಓದಿಸಿ, ಎರಡೂ ಸಲದ ಬೂಟ್ ಮತ್ತು ರಿಕವರಿ ಫೈಲ್ ಒಂದೇ ಥರ ಇವೆಯಾ ಅಂತ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ನಂಬರ್) ಹೋಲಿಸಿ. ಕೇಬಲ್ ಕೈಕೊಟ್ಟಿದ್ದರೆ ಇಲ್ಲಿ ಗೊತ್ತಾಗುತ್ತದೆ. ಆಮೇಲೆ ಪೆನ್‌ಡ್ರೈವಿಗೆ ಒಂದು ಕಾಪಿ.

ರಿಕವರಿ ಎಲ್ಲಿಂದ ತರುವುದು? ನಿಮ್ಮ ಟ್ಯಾಬಿಗೆ ಅಂತ ಟಿಡಬ್ಲ್ಯುಆರ್‌ಪಿ (ಹೆಚ್ಚು ಜನ ಬಳಸುವ ಕಸ್ಟಮ್ ರಿಕವರಿ) ಯಾರೂ ಮಾಡಿರುವುದಿಲ್ಲ. ಇದೇ ಚಿಪ್, ಇದೇ 7.0 ಇರುವ ಬೇರೆ ಸಾಧನದ್ದು ತೆಗೆದುಕೊಂಡು, ಬಿಚ್ಚಿ, ಅದರ ಕರ್ನಲ್ ಕಿತ್ತು ನಿಮ್ಮ ಮೂಲ ರಿಕವರಿಯ ಕರ್ನಲ್ ಹಾಕಿ, ಎಫ್‌ಎಸ್‌ಟ್ಯಾಬ್ (ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ) ಫೈಲೂ ನಿಮ್ಮದೇ ಇಟ್ಟು ಮತ್ತೆ ಕಟ್ಟಬೇಕು. ಕರ್ನಲ್ ನಿಮ್ಮದೇ ಆದ್ದರಿಂದ ಡಿಸ್‌ಪ್ಲೇ ಸರಿಯಾಗಿ ಬರುತ್ತದೆ. ಗಾತ್ರ ನಿಮ್ಮ ರಿಕವರಿ ಪಾರ್ಟಿಷನ್‌ಗಿಂತ ಒಂದು ಬೈಟ್ ಕೂಡ ದೊಡ್ಡದಿರಬಾರದು. ಹುಡುಗಾ, ಇದು ನಿನ್ನ ಕೆಲಸ. ರಜೆ ಇದೆಯಲ್ವಾ?


ಹಾಸನದ_ಹುಡುಗ:

ಮಾಡ್ತೀನಿ ಅಣ್ಣಾ. ಬೂಟ್, ರಿಕವರಿ ಎರಡು ಫೈಲ್ ಕಳಿಸಿ ಸರ್, ಆಂಡ್ರಾಯ್ಡ್ ಇಮೇಜ್ ಕಿಚನ್‌ನಲ್ಲಿ ಬಿಚ್ಚಿ ಕಟ್ಟಿ ಕೊಡುತ್ತೇನೆ. ಐಎಸ್‌ಆರ್‌ಜಿ ಸರ್ಟಿಫಿಕೇಟ್ ಫೈಲೂ ನಾನೇ ಕಳಿಸಲಾ?


ಐಜಿರೋಡ್_ರಿಪೇರಿ:

ರಿಕವರಿ ಕಳಿಸು, ಸರ್ಟಿಫಿಕೇಟ್ ಬೇಡ. ನಿನ್ನ ಮೇಲೆ ಅನುಮಾನ ಅಲ್ಲಪ್ಪಾ. ಆದರೆ ರೂಟ್ ಸರ್ಟಿಫಿಕೇಟನ್ನು ಗೊತ್ತಿಲ್ಲದವರಿಂದ ತೆಗೆದುಕೊಳ್ಳಬಾರದು. ಅದನ್ನು ಕೊಟ್ಟವನು ಮನಸ್ಸು ಮಾಡಿದರೆ ಆ ಟ್ಯಾಬಿನ ಎಲ್ಲ ಸಂಪರ್ಕದ ನಡುವೆ ಕೂರಬಹುದು.

ರೈಟ್ರೇ, ಆ ಫೈಲ್ ನಿಮ್ಮ ಫೋನಿನಲ್ಲೇ ಇದೆ. ಸಿಸ್ಟಮ್, ಇಟಿಸಿ, ಸೆಕ್ಯುರಿಟಿ, ಅದರೊಳಗೆ ಸಿಎಸರ್ಟ್ಸ್ (cacerts) ಅನ್ನುವ ಫೋಲ್ಡರ್. ಫೋನ್ ರೂಟ್ ಮಾಡದೆಯೇ, ಅಂದರೆ ಅದರ ಪೂರ್ತಿ ಅಧಿಕಾರ ಪಡೆಯದೆಯೇ, ಎಡಿಬಿಯಲ್ಲಿ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಬಹುದು. ಒಳಗೆ ಅಂಕಿ ಅಕ್ಷರ ಕಲೆಸಿದ ಹೆಸರಿನ ನೂರಾರು ಫೈಲ್ ಇರುತ್ತವೆ. ಎಲ್ಲದರಲ್ಲೂ ಐಎಸ್‌ಆರ್‌ಜಿ ರೂಟ್ ಎಕ್ಸ್1 ಅನ್ನುವ ಪದ ಹುಡುಕಿಸಿ. ಸಿಕ್ಕಿದ ಫೈಲನ್ನು ಹೆಸರು ಬದಲಿಸದೆ ಹಾಗೇ ಇಟ್ಟುಕೊಳ್ಳಿ. ಆಂಡ್ರಾಯ್ಡ್ ಆ ಹೆಸರು ನೋಡಿಯೇ ಹುಡುಕುವುದು.

ರಿಕವರಿ ಪಾರ್ಟಿಷನ್ ಒಂದನ್ನೇ ಬರೆಯಿರಿ, ಪ್ರಿಲೋಡರ್ (ಆನ್ ಆಗುವಾಗ ಮೊದಮೊದಲು ಓಡುವ ಭಾಗ) ಕಡೆ ತಲೆ ಹಾಕಬೇಡಿ. ಬರೆದಾದ ಮೇಲೆ ನೇರವಾಗಿ ಪವರ್ ಜೊತೆ ವಾಲ್ಯೂಮ್ ಒತ್ತಿ ರಿಕವರಿಗೇ ಹೋಗಿ. ಮೊದಲು ಆಂಡ್ರಾಯ್ಡ್‌ಗೆ ಹೋದರೆ, ಅದು ಬೂಟ್ ಆಗುವಾಗ ಮೂಲ ರಿಕವರಿಯನ್ನು ವಾಪಸ್ ಬರೆದುಬಿಡುತ್ತದೆ. 'ಹಾಕಿದೆ, ಹೋಯ್ತು' ಅಂತ ಜನ ಗೊಣಗುವುದು ಇದಕ್ಕೇ.


ಬಾಳೆಹೊನ್ನೂರು_ಕಾಫಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳ ಟ್ಯಾಬ್ ಕೂಡ ಹೆಸರಿಲ್ಲದ್ದೇ. ಇಲ್ಲಿ ಹೇಳಿದ ಹಾಗೆ ನೋಡಿದೆ. ಎಸ್‌ಡಿಕೆ 29 ಇದೆ, ಚಿಪ್ ಯುನಿಸಾಕ್ ಎಸ್‌ಸಿ9863ಎ. ಇದಕ್ಕೂ ಎಂಟಿಕೆ ಕ್ಲೈಂಟ್ ಆಗುತ್ತದಾ?


ಐಜಿರೋಡ್_ರಿಪೇರಿ:

ಆಗುವುದಿಲ್ಲ ಸರ್, ಅದು ಮೀಡಿಯಾಟೆಕ್‌ಗೆ ಮಾತ್ರ. ನಿಮ್ಮದು ನಿಜವಾದ 10, ಎಂಟು ಕೋರ್, 4ಜಿ ಇದೆ, ಒಳ್ಳೆಯದೇ. ಯುನಿಸಾಕ್‌ನಲ್ಲಿ ಫರ್ಮ್‌ವೇರ್ ಬರುವುದು ಪ್ಯಾಕ್ ಅನ್ನುವ ಫೈಲಿನಲ್ಲಿ, ಹಾಕುವುದು ರಿಸರ್ಚ್ ಡೌನ್‌ಲೋಡ್ ಅನ್ನುವ ಸಾಧನದಲ್ಲಿ. ಬೂಟ್‌ಲೋಡರ್ ಬೀಗ ಬಿಗಿ. ಟೋಕನ್ ತೆಗೆದು, ಅದಕ್ಕೆ ಸಹಿ ಹಾಕಿಸಿ ವಾಪಸ್ ಕೊಟ್ಟರೆ ಮಾತ್ರ ತೆರೆಯುತ್ತದೆ. ಅನ್‌ಲಾಕ್ ಆದರೆ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ. ಯುಪಿಐ, ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯುವುದೂ ಉಂಟು. ಏನೂ ತೊಂದರೆ ಇಲ್ಲ ಅಂದರೆ ಸುಮ್ನೆ ಯಾಕೆ ಕೆದಕುತ್ತೀರಿ? ಓದಲಿಕ್ಕೆ ಬಿಡಿ ಮಗುವನ್ನ.


ಚನ್ನರಾಯಪಟ್ಟಣದವ:

ಮಾರಿ ಅಂದದ್ದಕ್ಕೆ ಬೇಜಾರಾಗಬೇಡಿ. ಸೋರ್ಸ್ ವಿಷಯ ಬಂತಲ್ಲ, ಅದಕ್ಕೆ ಒಂದು ಮಾತು. 2014ರ ಸೆಪ್ಟೆಂಬರ್‌ನಲ್ಲಿ ಆಂಡ್ರಾಯ್ಡ್ ಒನ್ ಅಂತ ಮೊದಲು ಬಂದದ್ದು ನಮ್ಮ ದೇಶದಲ್ಲೇ. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್, ಮೂರೂ ಅಗ್ಗದ ಫೋನ್, ಮೂರಕ್ಕೂ ಒಂದೇ ಎಂಟಿ6582 ಚಿಪ್. ನನ್ನ ಹತ್ತಿರ ಒಂದು ಇತ್ತು. ಕರ್ನಲ್ ಸೋರ್ಸ್ ಹೊರಗೆ ಬಂದಿತ್ತು ನೋಡಿ, ಸಯನೋಜೆನ್‌ಮಾಡ್‌ನವರು (ಲಿನೇಜ್ ಬಂದದ್ದು ಇದರಿಂದಲೇ) ಸ್ಪ್ರೌಟ್ ಅನ್ನುವ ಹೆಸರಲ್ಲಿ ಅದಕ್ಕೆ ರಾಮ್ ಮಾಡಿದರು. ಕಂಪನಿ ಮರೆತ ಮೇಲೂ ಹೊಸ ಹೊಸ ಆಂಡ್ರಾಯ್ಡ್ ಹಾಕಿಕೊಂಡು ಓಡಿಸಿದೆವು. ಚಿಪ್ ಅಗ್ಗದ್ದಾದರೆ ಏನೂ ಆಗುವುದಿಲ್ಲ ಅನ್ನುವುದು ಸರಿಯಲ್ಲ, ಯಾರೋ ಒಬ್ಬರು ಸೋರ್ಸ್ ಕೊಡಬೇಕು ಅಷ್ಟೇ.


ಐಜಿರೋಡ್_ರಿಪೇರಿ:

ಸ್ಪ್ರೌಟ್! ಆ ಫೋನ್‌ಗಳನ್ನು ರಿಪೇರಿ ಮಾಡುವುದೂ ಖುಷಿ ಕೊಡುತ್ತಿತ್ತು. ಫೈಲ್ ಬೇಕು ಅಂದರೆ ಸಿಗುತ್ತಿತ್ತು.


ಮೂಡಿಗೆರೆ_ರೈಟರ್:

ಎಲ್ಲರಿಗೂ ನಮಸ್ಕಾರ, ಆ್ಯಪ್ ಈಗ ಕಳಿಸುತ್ತಿದೆ!

ವಿಂಡೋಸ್‌ನಲ್ಲಿ ಡ್ರೈವರ್ ಒಗ್ಗಲೇ ಇಲ್ಲ, ಲಿನಕ್ಸ್ ಪೆನ್‌ಡ್ರೈವಿನಲ್ಲಿ ಕೂಡಲೇ ಹಿಡಿಯಿತು. 128 ಜಿಬಿ ಅಂದದ್ದು ಒಳಗೆ 16 ಜಿಬಿ. ಓದುತ್ತಿರುವಾಗಲೇ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಆದ್ದರಿಂದ ಏನೂ ಆಗಲಿಲ್ಲ. ಹಾಸನದ ತಮ್ಮ ಕಳಿಸಿದ ರಿಕವರಿ ಹಾಕಿದೆ. ತೆರೆ ಬಂತು, ಆದರೆ ಟಚ್ ತಲೆಕೆಳಗು. ಕೆಳಗಿನ ಮೂಲೆ ಒತ್ತಿದರೆ ಮೇಲಿನ ಮೂಲೆಯ ಬಟನ್ ಹತ್ತುತ್ತದೆ. ಸಿಸ್ಟಮ್ ತಿದ್ದಲು ಬಿಡಲಾ ಅಂತ ಕೇಳಿ, ಎಳೆಯುವ ಪಟ್ಟಿ ಬಂದಾಗ ನಾನು ಎಡದಿಂದ ಬಲಕ್ಕೆ ಎಳೆದರೆ ಅದು ಅಲ್ಲಾಡಲೇ ಇಲ್ಲ. ಹಾಸನದ ತಮ್ಮ ಓಟಿಜಿ (ಟ್ಯಾಬಿಗೆ ಮೌಸ್ ಜೋಡಿಸುವ ಕೊಂಡಿ) ಹಾಕಿ ಮೌಸ್ ಚುಚ್ಚಿ ಅಂದ. ಆಫೀಸಿನ ಕಂಪ್ಯೂಟರಿನ ಮೌಸ್ ಕಿತ್ತು ತಂದು ಹಾಕಿದೆ, ತೆರೆಯ ಮೇಲೆ ಬಾಣ ಬಂತು, ಎಲ್ಲ ಸಲೀಸು. ಆಮೇಲೆ ಮೌಸ್ ತೆಗೆದು ಕೇಬಲ್ ಹಾಕಿ, ಎಡಿಬಿಯಲ್ಲಿ ಆ ಫೈಲನ್ನು ಸಿಎಸರ್ಟ್ಸ್ ಒಳಗೆ ತಳ್ಳಿ, ಪರ್ಮಿಷನ್ 644 ಕೊಟ್ಟು ರೀಬೂಟ್ ಮಾಡಿದೆ. ಆಂಡ್ರಾಯ್ಡ್‌ನೊಳಗೆ ಟಚ್ ಮೊದಲಿನ ಹಾಗೇ ಸರಿ ಇದೆ. ನಿನ್ನೆಯ ಮಳೆ ಲೆಕ್ಕ, ಆಳಿನ ಲೆಕ್ಕ ಎಲ್ಲ ಸರ್ವರಿಗೆ ಹೋಯಿತು.

ಎರಡು ಪ್ರಶ್ನೆ ಉಳಿದಿವೆ. ಲಾಕ್ ತೆಗೆದಾಗ ಬರುವ ಜಾಹೀರಾತಿಗೆ ಏನು ಮಾಡುವುದು? ಮತ್ತೆ, ನನ್ನ ಡಂಪ್ ಪೂರ್ತಿ ಇಲ್ಲಿ ಹಾಕಿದರೆ ಇಂಥದ್ದೇ ಟ್ಯಾಬ್ ಇರುವ ಬೇರೆಯವರಿಗೆ ಉಪಯೋಗ ಆಗುತ್ತದಲ್ವಾ?


ಐಜಿರೋಡ್_ರಿಪೇರಿ:

ಭಾರೀ ಚೆನ್ನಾಗಿ ಮಾಡಿದ್ದೀರಿ. ನಿಮ್ಮ ಟ್ಯಾಬಿನಲ್ಲಿ ಡಿಎಂ ವೆರಿಟಿ (ಸಿಸ್ಟಮ್ ಯಾರಾದರೂ ತಿದ್ದಿದ್ದಾರಾ ಅಂತ ನೋಡುವ) ಕಾವಲು ಇರಲಿಲ್ಲ ಅನ್ನಿಸುತ್ತದೆ, ಇದ್ದಿದ್ದರೆ ಸಿಸ್ಟಮ್ ತಿದ್ದಿದ ಮೇಲೆ ಬೂಟ್ ಆಗುತ್ತಿರಲಿಲ್ಲ.


ಹಾಸನದ_ಹುಡುಗ:

ಅದನ್ನು ಮೊದಲೇ ನೋಡಿದ್ದೆ ಅಣ್ಣಾ. ಬೂಟ್ ಫೈಲ್ ಕೇಳಿದ್ದೇ ಅದಕ್ಕೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಸಿಸ್ಟಮ್ ಸಾಲಿನಲ್ಲಿ ವೆರಿಫೈ ಅನ್ನುವ ಪದ ಇರಲಿಲ್ಲ. ಇದ್ದಿದ್ದರೆ ಮ್ಯಾಜಿಸ್ಕ್ ಅನ್ನುವ ಸಾಧನದಲ್ಲಿ ಬೂಟ್ ಫೈಲ್ ತಿದ್ದಿ ಕೊಡುತ್ತಿದ್ದೆ. ಟಚ್ ತಲೆಕೆಳಗಾಗಿರುವುದು ಮಾತ್ರ ರಿಕವರಿ ಕಟ್ಟುವಾಗಲೇ ಕೊಡಬೇಕಾದ ಆಯ್ಕೆ, ನಾನು ತೆಗೆದುಕೊಂಡದ್ದು ಕಟ್ಟಿಯಾಗಿದ್ದ ಫೈಲ್. ಸೋರ್ಸ್‌ನಿಂದ ಕಟ್ಟಿದರೆ ಸರಿಹೋಗುತ್ತದೆ.


ಐಜಿರೋಡ್_ರಿಪೇರಿ:

ಬೇಡ ಬಿಡು, ಮೌಸ್ ಇದೆಯಲ್ಲ.

ರೈಟ್ರೇ, ಜಾಹೀರಾತು ತರುವುದು ಸಾಮಾನ್ಯವಾಗಿ ಅಪ್‌ಡೇಟ್ ನೋಡುವ ಆ್ಯಪ್, ಇಲ್ಲವಾದರೆ ಹೋಮ್ ಸ್ಕ್ರೀನ್ ಆ್ಯಪ್. ಇಂಥ ಸಾಧನಗಳಲ್ಲಿ ಅಪ್‌ಡೇಟ್ ಆ್ಯಪ್ ಮೇಲೆ ನಂಬಿಕೆ ಇಡಬೇಡಿ. 2016ರಲ್ಲಿ ಕ್ರಿಪ್ಟೋವೈರ್ ಅನ್ನುವ ಅಮೆರಿಕದ ಭದ್ರತಾ ಕಂಪನಿ ಬಯಲು ಮಾಡಿತ್ತು, ಆಡಪ್ಸ್ ಅನ್ನುವವರ ಅಪ್‌ಡೇಟ್ ಸಾಫ್ಟ್‌ವೇರ್ ಕೆಲವು ಅಗ್ಗದ ಫೋನ್‌ಗಳಿಂದ ಜನರ ಮೆಸೇಜ್, ಕರೆ ಪಟ್ಟಿ ಎಲ್ಲ ಚೀನಾದ ಸರ್ವರಿಗೆ ಕಳಿಸುತ್ತಿತ್ತು ಅಂತ. ಎಡಿಬಿಯಲ್ಲಿ ಪ್ಯಾಕೇಜ್ ಪಟ್ಟಿ ತೆಗೆದು ಇಲ್ಲಿ ಹಾಕಿ, ಯಾವುದನ್ನು ತೆಗೆಯಬಹುದು ಅಂತ ಹೇಳುತ್ತೇನೆ. ರಿಕವರಿಯಿಂದ ಫೈಲ್ ಅಳಿಸಬೇಡಿ. ಎಡಿಬಿಯಲ್ಲಿ ಯೂಸರ್ 0ಗೆ (ಟ್ಯಾಬಿನ ಮೊದಲ ಬಳಕೆದಾರನಿಗೆ) ಮಾತ್ರ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕು, ಎಡವಟ್ಟಾದರೆ ಫ್ಯಾಕ್ಟರಿ ರೀಸೆಟ್‌ನಲ್ಲಿ ವಾಪಸ್ ಬರುತ್ತದೆ. ಹೋಮ್ ಸ್ಕ್ರೀನ್ ಆ್ಯಪ್ ತೆಗೆಯುವ ಮುಂಚೆ ಬೇರೆ ಒಂದು ಹಾಕಿಕೊಂಡಿರಿ.

ಡಂಪ್ ಪೂರ್ತಿ ಹಾಕಬೇಡಿ. ಅದರಲ್ಲಿ ನಿಮ್ಮ ಐಎಂಇಐ ಇದೆ, ಯೂಸರ್ ಡೇಟಾ ಓದಿಸಿದ್ದರೆ ಆಳುಗಳ ಹೆಸರು, ಲೆಕ್ಕ, ನಿಮ್ಮ ಗೂಗಲ್ ಖಾತೆ ಎಲ್ಲ ಇದೆ. ಬೂಟ್, ರಿಕವರಿ, ಎಲ್‌ಕೆ (ಬೂಟ್‌ಲೋಡರ್), ಲೋಗೋ, ಸಿಸ್ಟಮ್ ಇಷ್ಟು ಹಾಕಿ. ಎನ್‌ವಿರಾಮ್, ಎನ್‌ವಿಡೇಟಾ, ಪ್ರೊಇನ್ಫೋ, ಎರಡು ಪ್ರೊಟೆಕ್ಟ್, ಯೂಸರ್ ಡೇಟಾ ಇವು ನಿಮ್ಮ ಪೆನ್‌ಡ್ರೈವಿನಲ್ಲೇ ಇರಲಿ. ಜೊತೆಗೆ ಹಿಂದಿನ ಮುಚ್ಚಳ ಯಾವಾಗಲಾದರೂ ತೆಗೆದರೆ ಬೋರ್ಡ್ ಮೇಲೆ ಅಚ್ಚಾಗಿರುವ ನಂಬರ್, ಡಿಸ್‌ಪ್ಲೇ ಪಟ್ಟಿಯ ಮೇಲಿನ ನಂಬರ್, ಟಚ್ ಪಟ್ಟಿಯ ಮೇಲಿನ ನಂಬರ್ ಮೂರನ್ನೂ ಫೋಟೋ ತೆಗೆದು ಹಾಕಿ. ಹುಡುಕಿಕೊಂಡು ಬರುವವನಿಗೆ ಮಾಡೆಲ್ ಹೆಸರಿಗಿಂತ ಅದೇ ಉಪಯೋಗಕ್ಕೆ ಬರುವುದು.